ಫೀಸಿಗೆ ಸ್ಕಾಲರ್‌ಶಿಪ್, ತಿಂಗಳ ಖರ್ಚಿಗೆ ಕೆಲಸ: ಚಿಕ್ಕಮಗಳೂರಲ್ಲಿ ಓದುವವರಿಗೆ

ಪಾರ್ಟ್ ಟೈಮ್ ಕೆಲಸ ಮಾಡಿ ಕಾಲೇಜು ಫೀಸ್ ಕಟ್ಟುತ್ತೇನೆ ಅಂತ ಲೆಕ್ಕ ಹಾಕಿದ್ದರೆ ಮೊದಲು ಆ ಲೆಕ್ಕ ಬಿಡಿ. ಫೀಸ್ ಕೇಳುವುದು ವರ್ಷದ ಶುರುವಿನಲ್ಲಿ, ಸಂಬಳ ಬರುವುದು ದುಡಿದ ಮೇಲೆ, ಅದೂ ಸ್ವಲ್ಪ ಸ್ವಲ್ಪವಾಗಿ. ಅಮೆರಿಕದಲ್ಲಿ ಸರ್ಕಾರವೇ 1964ರಿಂದ ವರ್ಕ್-ಸ್ಟಡಿ ಅಂತ ನಡೆಸುತ್ತಿದೆ, ಮನೆ ಕಡೆ ಕಷ್ಟ ಇರುವವರಿಗೆ ಕಾಲೇಜಿನಲ್ಲೇ ಕೆಲಸ ಕೊಡುತ್ತಾರೆ. ಅಲ್ಲೂ ಅಷ್ಟೇ, ಇಷ್ಟು ಡಾಲರ್ ಮಂಜೂರಾಗಿದೆ ಅಂತ ಪತ್ರ ಬಂದರೆ ದುಡ್ಡು ಕೈಗೆ ಬಂತು ಅಂತಲ್ಲ, ಎಷ್ಟು ಗಂಟೆ ದುಡಿದಿರೋ ಅಷ್ಟಕ್ಕೆ ಮಾತ್ರ ಸಂಬಳ. ಪುಣೆ ವಿಶ್ವವಿದ್ಯಾಲಯದಲ್ಲಿ ಕರ್ಮವೀರ ಭಾವುರಾವ್ ಪಾಟೀಲರ ಹೆಸರಲ್ಲಿ ಇಂಥದ್ದೊಂದು ಯೋಜನೆ ಇದೆ. ನಮ್ಮ ಕಡೆ ಇದನ್ನೆಲ್ಲ ನಾವೇ ಜೋಡಿಸಿಕೊಳ್ಳಬೇಕು.

ಹಾಗಾಗಿ ಕೆಲಸ ಹುಡುಕುವ ಮೊದಲು ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಮುಗಿಸಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಅದಕ್ಕೆ ನಾಡಕಚೇರಿಗೆ ರಜೆಯಲ್ಲೇ ಹೋಗಿ ಬನ್ನಿ, ಕೊನೆ ವಾರ ಎಲ್ಲರೂ ಅಲ್ಲೇ ಇರುತ್ತಾರೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಹಣ ಮಂಜೂರಾಗಿಯೂ ಖಾತೆಗೆ ಬರದೆ ನಿಲ್ಲುವುದು ಜಾಸ್ತಿ ಇದೇ ಕಾರಣಕ್ಕೆ. ಹಾಸ್ಟೆಲ್ ಅರ್ಜಿಯನ್ನೂ ಹಾಕಿ. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಅಥವಾ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ ಸಿಕ್ಕರೆ ಊಟ, ವಸತಿ ಎರಡೂ ಆಯಿತು, ಅಷ್ಟು ಉಳಿಸಿಕೊಡುವ ಪಾರ್ಟ್ ಟೈಮ್ ಕೆಲಸ ಈ ಊರಲ್ಲಿ ನನಗಂತೂ ಕಂಡಿಲ್ಲ. ಹಿಂದುಳಿದ ವರ್ಗದವರಿಗೆ ಸೀಟು ಸಿಗದಿದ್ದರೆ ವಿದ್ಯಾಸಿರಿ ಇದೆ, ಊಟ, ವಸತಿ ಖರ್ಚಿಗೆ ತಿಂಗಳಿಗೆ ಇಷ್ಟು ಅಂತ 10 ತಿಂಗಳು ಸರ್ಕಾರ ಕೊಡುತ್ತದೆ. ರೈತರ ಮಕ್ಕಳಾದರೆ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ಈ ವರ್ಷ ಇದೆಯಾ ಅಂತ ವಿಚಾರಿಸಿ. ಇದೆಲ್ಲ ಆದ ಮೇಲೂ ತಿಂಗಳಿಗೆ ಎಷ್ಟು ಕಡಿಮೆ ಬೀಳುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನೀವು ದುಡಿಯಬೇಕಾದ್ದು ಅಷ್ಟನ್ನೇ.

ಕೆಲಸ ಮೊದಲು ಕಾಲೇಜಿನೊಳಗೇ ಕೇಳಿ. ಸುಮ್ನೆ ಯಾರೂ ಕೇಳುವುದೇ ಇಲ್ಲ! ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವುದು, ಅಡ್ಮಿಷನ್ ಹೊತ್ತಿನಲ್ಲಿ ಡೇಟಾ ಎಂಟ್ರಿ, ಕಾಲೇಜಿನ ಗುಣಮಟ್ಟ ನೋಡುವ ನ್ಯಾಕ್ ತಂಡ ಬರುವ ವರ್ಷವಾದರೆ ಫೈಲುಗಳ ರಾಶಿ. ಪ್ರಿನ್ಸಿಪಾಲರಿಗೆ ಅರ್ಧ ಪುಟದ ಮನವಿ ಬರೆಯಿರಿ, ನಿಮಗೆ ಏನು ಬರುತ್ತದೆ (ಕನ್ನಡ ಟೈಪಿಂಗ್, ಎಕ್ಸೆಲ್), ಯಾವ ಹೊತ್ತು ಬಿಡುವಿದೆ ಅಂತ ಸ್ಪಷ್ಟವಾಗಿರಲಿ. ನಿಮ್ಮ ವಿಭಾಗದ ಮೇಷ್ಟ್ರಿಗೂ ಒಂದು ಮಾತು ಹೇಳಿಡಿ. ದುಡ್ಡು ಕಡಿಮೆ ಇರಬಹುದು, ಆದರೆ ಬಸ್ ಖರ್ಚಿಲ್ಲ, ಕ್ಲಾಸ್ ತಪ್ಪುವುದಿಲ್ಲ.

ಹೊರಗಿನದ್ದರಲ್ಲಿ ನನ್ನ ಓಟು ಟ್ಯೂಷನ್‌ಗೆ. ಹೈಸ್ಕೂಲ್ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡಬಲ್ಲಿರಾದರೆ ಗಂಟೆ ಲೆಕ್ಕದಲ್ಲಿ ಅಂಗಡಿ ಕೆಲಸಕ್ಕಿಂತ ಇದೇ ಮೇಲು. ನಿಮ್ಮ ಬೀದಿಯ ಒಂದು ಮನೆಯಿಂದ ಶುರು ಮಾಡಿ, ಆ ಮಗುವಿನ ಅಮ್ಮನೇ ಮುಂದಿನ ಇಬ್ಬರನ್ನು ಕರೆತರುತ್ತಾರೆ.

ಹೋಂಸ್ಟೇ ಕೆಲಸ ಬೇಕಾದಷ್ಟಿದೆ, ಶುಕ್ರವಾರ ರಾತ್ರಿ ಬೆಂಗಳೂರಿನ ಕಾರುಗಳು ಬರಲು ಶುರುವಾದರೆ ಭಾನುವಾರ ಮಧ್ಯಾಹ್ನದವರೆಗೆ ಪುರಸೊತ್ತಿಲ್ಲ. ಬುಕಿಂಗ್ ನೋಡಿಕೊಳ್ಳುವುದು, ಬಂದವರ ಹೆಸರು ಬರೆದುಕೊಳ್ಳುವುದು, ಬಿಲ್ ಮಾಡುವುದು ವಿದ್ಯಾರ್ಥಿಗೆ ಹೊಂದುವ ಕೆಲಸ. ಕ್ಯಾಂಪ್‌ಫೈರ್ ಮುಗಿಯುವವರೆಗೆ ನಿಲ್ಲಬೇಕು ಅಂದರೆ ಮಾತ್ರ ಸೋಮವಾರದ ಮೊದಲ ಕ್ಲಾಸ್ ಮರೆತುಬಿಡಿ. ಮಳೆಗಾಲ ಜೋರಾದರೆ ಬುಕಿಂಗ್ ರದ್ದಾಗುತ್ತವೆ, ಸಂಬಳವೂ ಹಾಗೇ ಏರಿಳಿಯುತ್ತದೆ. ಆಲ್ದೂರು, ಮೂಡಿಗೆರೆ ಕಡೆಯವರಾದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲಿನ ಕಾಲದಲ್ಲಿ ತೋಟದ ರೈಟರ್‌ಗೆ (ಲೆಕ್ಕ ಬರೆಯುವವರಿಗೆ) ನೆರವಾಗಬಹುದು. ಸಂಜೆ ಹಣ್ಣು ತೂಗುವಾಗ ಯಾರದು ಎಷ್ಟು ಕೆಜಿ ಅಂತ ಬರೆದು, ಕೂಡಿ ಲೆಕ್ಕ ಒಪ್ಪಿಸಬೇಕು. ಲೆಕ್ಕ ತಪ್ಪಿದರೆ ಕುಯ್ದವರ ಕೂಲಿ ತಪ್ಪುತ್ತದೆ, ಅಷ್ಟು ಎಚ್ಚರ ಬೇಕು.

ಒಪ್ಪಿಕೊಳ್ಳುವ ಮೊದಲು ನಾಚಿಕೆ ಬಿಟ್ಟು ಕೇಳಿ: ಸಂಬಳ ದಿನದ ಲೆಕ್ಕವಾ, ತಿಂಗಳದ್ದಾ? ಯಾವ ತಾರೀಕಿಗೆ? ಊಟ ಉಂಟಾ? ತಡವಾದರೆ ಯಾರು ಬಿಡುತ್ತಾರೆ? ಮಾತಾಡಿದ್ದನ್ನು ಅವತ್ತೇ ವಾಟ್ಸಾಪ್‌ನಲ್ಲಿ ಕಳಿಸಿಡಿ, ‘ಸಾರ್, ನೀವು ಹೇಳಿದ ಹಾಗೆ ಶನಿವಾರ, ಭಾನುವಾರ ಬರ್ತೀನಿ, ಇಂಟರ್ನಲ್ಸ್ ಇರೋ ವಾರ ಬರೋಕಾಗಲ್ಲ’ ಅಂತ. ಅವರು ‘ಸರಿ’ ಅಂದರೆ ಅದೇ ನಿಮ್ಮ ಕಾಗದ. ಹಾಜರಾತಿ 75%ಗಿಂತ ಕೆಳಗಿಳಿದರೆ ಪರೀಕ್ಷೆಗೆ ಕೂರುವುದೇ ಕಷ್ಟ, ಒಂದು ವರ್ಷ ಹೋದರೆ ದುಡಿದದ್ದೆಲ್ಲ ನೀರಿಗೆ ಹೋದಂತೆ. ಬೇಲೂರು, ಕಡೂರಿನಿಂದ ಓಡಾಡುವ ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ ಟಿಕೆಟ್ ಉಳಿಯುತ್ತದೆ, ಆದರೆ ಕೊನೆ ಬಸ್ಸಿನ ಹೊತ್ತು ನೋಡಿಯೇ ಕೆಲಸದ ಸಮಯ ಒಪ್ಪಿಕೊಳ್ಳಿ.

ಅಮೆರಿಕಕ್ಕೆ ಓದಲು ಹೊರಟವರು ಮೇಲೆ ಹೇಳಿದ ಸರ್ಕಾರಿ ವರ್ಕ್-ಸ್ಟಡಿ ನಂಬಿ ಹೋಗಬೇಡಿ. ಎಫ್-1 ಅಂದರೆ ವಿದ್ಯಾರ್ಥಿ ವೀಸಾದವರಿಗೆ ಅದು ಸಿಗುವುದಿಲ್ಲ. ಕ್ಲಾಸ್ ನಡೆಯುವಾಗ ಕ್ಯಾಂಪಸ್ ಒಳಗಿನ ಬೇರೆ ಕೆಲಸ ವಾರಕ್ಕೆ 20 ಗಂಟೆವರೆಗೆ ಮಾಡಬಹುದು, ಅಷ್ಟೇ.

ಇನ್ನು ಮೋಸದ ವಿಷಯ. ಕೆಲಸ ಕೊಡಲು ರಿಜಿಸ್ಟ್ರೇಷನ್ ಫೀಸ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಟೆಲಿಗ್ರಾಮ್‌ನಲ್ಲಿ ಲೈಕ್ ಒತ್ತಿ ದುಡ್ಡು ಮಾಡಿ ಅನ್ನುವುದು, ಮನೆಯಲ್ಲೇ ಟೈಪಿಂಗ್ ಅಂತ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಆಮೇಲೆ ದಂಡ ಕಟ್ಟು ಅಂತ ಹೆದರಿಸುವುದು, ಎರಡೂ ಹಳೇ ಆಟ. ಎಲ್ಲಕ್ಕಿಂತ ಕೆಟ್ಟದ್ದು, ‘ನಿನ್ನ ಬ್ಯಾಂಕ್ ಖಾತೆ ಒಂದು ತಿಂಗಳು ಕೊಡು, ಕಮಿಷನ್ ಕೊಡ್ತೀವಿ’ ಅನ್ನುವವರು. ಕದ್ದ ದುಡ್ಡು ನಿಮ್ಮ ಖಾತೆಯಲ್ಲಿ ಓಡಾಡಿದರೆ ಪೊಲೀಸರು ಮೊದಲು ಹುಡುಕುವುದು ನಿಮ್ಮನ್ನೇ, ಖಾತೆ ಫ್ರೀಜ್ ಆದರೆ ಸ್ಕಾಲರ್‌ಶಿಪ್ ಹಣವೂ ಸಿಕ್ಕಿಹಾಕಿಕೊಳ್ಳುತ್ತದೆ. ದುಡ್ಡು ಕಳೆದುಕೊಂಡರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಮ್ಮ ಮುಳ್ಳಯ್ಯನಗಿರಿಯ ಎತ್ತರವೂ 1,930 ಮೀಟರೇ ಅಲ್ವಾ, ನಂಬರ್ ಮರೆಯುವುದಿಲ್ಲ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ, ಮನೆಯಲ್ಲಿ ಬೈಯುತ್ತಾರೆ ಅಂತ ಬೆಳಗಿನವರೆಗೆ ಕಾಯಬೇಡಿ.