ಹಕ್ಕಿ ನೋಡಲು ಬೈನಾಕ್ಯುಲರ್: ಕೊಳ್ಳುವ ಮುನ್ನ ಏನೇನು ನೋಡಬೇಕು?

ಆನ್‌ಲೈನ್‌ನಲ್ಲಿ ಬೈನಾಕ್ಯುಲರ್ ಹುಡುಕಿದರೆ ಬೇಟೆಗೆಂದು ಮಾರುವವೂ ಸಾಲುಸಾಲಾಗಿ ಬರುತ್ತವೆ. ನಮ್ಮಲ್ಲಿ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯಿದೆ, ಅದು ಇರಲೇಬೇಕು. ಆದರೆ ವಿದೇಶದ ಬೇಟೆಗಾರರು ಬೈನಾಕ್ಯುಲರ್ ಆರಿಸುವ ಕ್ರಮ ಹಕ್ಕಿ ನೋಡುವವರಿಗೂ ಒಪ್ಪುತ್ತದೆ. ನಸುಕಿನ, ಮುಸ್ಸಂಜೆಯ ಮಬ್ಬಿನಲ್ಲಿ ಕಾಣಬೇಕು ಎಂಬುದೇ ಅವರ ಮೊದಲ ಲೆಕ್ಕ. ನಮ್ಮ ಕಾಸರಗೋಡಿನ ರಾಣಿಪುರದ ಕಾಡಿನಲ್ಲಿ, ಕಿದೂರಿನ ಮರಗಳ ಸಂದಿಯಲ್ಲಿ, ಮಳೆಗಾಲದ ಅಡಿಕೆ ತೋಟದಲ್ಲಿ ನಮಗೆ ಬೇಕಾದದ್ದೂ ಅದೇ ಅಲ್ವಾ?

ಮೊದಲು ಮೈಮೇಲಿನ ಅಂಕಿ ಓದಿ. 8×42 ಎಂದರೆ ಹಕ್ಕಿ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. 42ನ್ನು 8ರಿಂದ ಭಾಗಿಸಿ: ಸುಮಾರು 5.2. ಕಣ್ಣಿಗೆ ಬರುವ ಬೆಳಕಿನ ವೃತ್ತ ಅಷ್ಟು ಮಿಲಿಮೀಟರ್ ಅಗಲ. 10×42ರಲ್ಲಿ ಅದು 4.2, ಜೇಬಿಗೆ ಹಿಡಿಯುವ 8×25ರಲ್ಲಿ 3 ಚಿಲ್ಲರೆ. ವೃತ್ತ ಅಗಲವಿದ್ದರೆ ಮಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ. ಹಗಲಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಕತ್ತಲಾಗುತ್ತಿದ್ದಂತೆ ಗೊತ್ತಾಗುತ್ತದೆ.

ಪಟ್ಟು ಜಾಸ್ತಿಯಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ನೋಟದ ಹರವು ಕಿರಿದಾಗುತ್ತದೆ. ಎಲೆಯಿಂದ ಎಲೆಗೆ ಹಾರುವ ಸೂರಕ್ಕಿಯನ್ನು 12 ಪಟ್ಟಿನಲ್ಲಿ ಹುಡುಕುವುದು ಕಷ್ಟ. ಕುಂಬಳೆ, ಶಿರಿಯ ಅಳಿವೆಗಳ ಬಯಲಲ್ಲಿ ದೂರದ ಕಡಲ ಹದ್ದನ್ನು ನೋಡುವುದೇ ನಿಮ್ಮ ಆಸೆಯಾದರೆ 10×42 ಸರಿ. ಬಿಳಿ ಹೊಟ್ಟೆಯ ಆ ಹದ್ದು ಕಾಸರಗೋಡಿನ ಜಿಲ್ಲಾ ಪಕ್ಷಿ ತಾನೇ! ಎರಡಕ್ಕೂ ಒಂದೇ ಸಾಕು ಎನ್ನುವವರಿಗೆ ನಾನು ಹೇಳುವುದು 8×42. ‘30×60’ ಎಂದು ಬರೆದ ಅಗ್ಗದ ಮಾಲು ಸುಮ್ನೆ ಹಣ ದಂಡ.

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಬೈನಾಕ್ಯುಲರನ್ನು ಕಣ್ಣಿನಿಂದ ಒಂದು ಅಡಿ ದೂರ ಹಿಡಿದು ಬೆಳಕಿರುವ ಆಕಾಶದತ್ತ ತಿರುಗಿಸಿ. ಸೂರ್ಯನತ್ತ ಮಾತ್ರ ಖಂಡಿತ ಬೇಡ. ಕಣ್ಣಿಡುವ ಗಾಜಿನಲ್ಲಿ ಎರಡು ಬಿಳಿ ಚುಕ್ಕೆ ಕಾಣುತ್ತವೆ. ಪೂರ್ತಿ ದುಂಡಗಿದ್ದರೆ ಒಳ್ಳೆಯದು. ಅಂಚು ಬೂದು ಬಣ್ಣವಾಗಿ ಚೌಕದಂತೆ ಕಂಡರೆ ಒಳಗಿನ ಪ್ರಿಸಮ್, ಅಂದರೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು, ಕಡಿಮೆ ದರ್ಜೆಯದ್ದಿರಬಹುದು. ಪೆಟ್ಟಿಗೆಯ ಮೇಲೆ ‘ಬ್ಯಾಕ್-4’ (BaK-4, ಒಳ್ಳೆಯ ದರ್ಜೆಯ ಗಾಜು) ಪ್ರಿಸಮ್, ‘ಫುಲ್ಲಿ ಮಲ್ಟಿ ಕೋಟೆಡ್’ (ಗಾಜುಗಳಿಗೆಲ್ಲ ಬೆಳಕು ಪೋಲಾಗದಂತೆ ಹಲವು ಪದರದ ಲೇಪ) ಎಂದಿದೆಯೇ ನೋಡಿ. ಕನ್ನಡಕ ಹಾಕುವವರು ‘ಐ ರಿಲೀಫ್’, ಅಂದರೆ ಗಾಜಿನಿಂದ ಕಣ್ಣು ಎಷ್ಟು ದೂರವಿದ್ದರೂ ಪೂರ್ತಿ ನೋಟ ಸಿಗುತ್ತದೆ ಎಂಬ ಅಳತೆ, 15 ಮಿಲಿಮೀಟರಿಗಿಂತ ಹೆಚ್ಚಿದೆಯೇ ಎಂದು ಕೇಳಿ, ಕನ್ನಡಕ ಹಾಕಿಕೊಂಡೇ ನೋಡಿ.

ನಮ್ಮ ಕರಾವಳಿಯವರು ಬಿಡಲೇಬಾರದ ವಿಷಯ ತೇವ. ನೀರು ನುಗ್ಗದಂತೆ ಮುಚ್ಚಿ, ಒಳಗೆ ನೈಟ್ರೋಜನ್ ತುಂಬಿದ್ದನ್ನೇ ಕೊಳ್ಳಿ. ಇಲ್ಲವಾದರೆ ಒಂದೆರಡು ಮಳೆಗಾಲದಲ್ಲೇ ಗಾಜಿನೊಳಗೆ ಜೇಡರ ಬಲೆಯಂಥ ಬೂಸ್ಟು ಕೂರಬಹುದು. ಬಟ್ಟೆಯಿಂದ ಒರೆಸಿದರೆ ಅದು ಹೋಗದು.

ತಂದ ದಿನವೇ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಬಲಗಣ್ಣು ಮುಚ್ಚಿ, ಅಂಗಳದಾಚೆಯ ಅಡಿಕೆ ಗೊನೆಯನ್ನು ಎಡಗಣ್ಣಲ್ಲಿ ನೋಡುತ್ತ ನಡುವಿನ ಚಕ್ರ ತಿರುಗಿಸಿ. ಗೊನೆ ಸ್ಪಷ್ಟವಾದ ಮೇಲೆ ಎಡಗಣ್ಣು ಮುಚ್ಚಿ, ಸಾಮಾನ್ಯವಾಗಿ ಬಲಗಡೆ ಇರುವ ಸಣ್ಣ ಉಂಗುರವನ್ನು ತಿರುಗಿಸಿ. ಆಮೇಲೆ ಉಂಗುರ ಮುಟ್ಟಬೇಡಿ, ಚಕ್ರವೊಂದೇ ಸಾಕು. ಮಳೆಯಲ್ಲಿ ನೆನೆದರೆ ಮೊದಲು ಗಾಳಿಗೆ ಒಣಗಿಸಿ. ಬಳಿಕ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ಚರ್ಮದ ಚೀಲದಲ್ಲಿ ಬೇಡ, ಅದೇ ತೇವ ಹೀರಿಟ್ಟುಕೊಳ್ಳುತ್ತದೆ.