ಫಲಕ ಓದಿ, ಡಬ್ಬಿ ಹುಡುಕಿ: ಊರಿನ ಸಭಾಭವನಕ್ಕೊಂದು ಜಿಯೋಕ್ಯಾಶ್

ಜಿಯೋಕ್ಯಾಶಿಂಗ್ ಎಂದರೆ ಒಬ್ಬರು ಅಡಗಿಸಿಟ್ಟ ಡಬ್ಬಿಯನ್ನು ಉಳಿದವರು ಜಿಪಿಎಸ್ ಹಿಡಿದು ಹುಡುಕುವ ಆಟ. ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿದ್ದ ಅಮೆರಿಕ 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿತು. ಆಟ ಹುಟ್ಟಿದ್ದು ಅದರ ಬೆನ್ನಿಗೇ. ಕಾಸರಗೋಡಿನಲ್ಲಿ ಇದಕ್ಕೆ ಕೋಟೆ, ಕಡಲತೀರಗಳಿಗಿಂತ ಒಳ್ಳೆಯ ನೆಲೆ ಊರೂರಿನ ಸಭಾಭವನ, ವಾಚನಾಲಯ, ಭಜನಾ ಮಂದಿರಗಳು. ಆದರೆ ಹೆಚ್ಚಿನವರು ಡಬ್ಬಿಗೆ ತಲೆ ಕೆಡಿಸಿಕೊಂಡು ಸುಳಿವನ್ನು ಹಾಳು ಮಾಡುತ್ತಾರೆ.

1. ಅನುಮತಿ. ಸಂಘದ ಕಾರ್ಯದರ್ಶಿಯನ್ನು ಖುದ್ದಾಗಿ ಕಾಣಿ, ಖಾಲಿ ಡಬ್ಬಿಯನ್ನು ಕೈಯಲ್ಲೇ ಹಿಡಿದು ಹೋಗಿ. ಫೋನಿನಲ್ಲಿ ಕೇಳಿದರೆ ಅದು ಮುಂದಿನ ಕಮಿಟಿ ಸಭೆಗೆ ಹೋಗಿ ಅಲ್ಲಿಯೇ ನಿಲ್ಲುತ್ತದೆ.

2. ಸುಳಿವು. ಡಬ್ಬಿಯನ್ನು ಸಭಾಭವನದಲ್ಲೇ ಇಡಬೇಡಿ. ಭವನದ ಫಲಕದಿಂದ ಅಂಕಿಗಳನ್ನು ಹೆಕ್ಕಿ, ಅವುಗಳಿಂದ ಸ್ವಲ್ಪ ದೂರದ ಡಬ್ಬಿಯ ಸ್ಥಾನ ಸಿಗುವಂತೆ ಮಾಡಿ. ಹಾಗಾದರೆ ಮಾತ್ರ ಬಂದವರು ಫಲಕ ಓದುತ್ತಾರೆ.

ಫಲಕ ಒಂದೇ ಇರುವುದಿಲ್ಲ. ಶಿಲಾನ್ಯಾಸದ್ದೊಂದು, ಹಣ ಒಟ್ಟಾಗಿ ಕೆಲಸ ಮುಗಿದ ಮೇಲೆ ಉದ್ಘಾಟನೆಯದೊಂದು, ನವೀಕರಣದ್ದು ಮತ್ತೊಂದು. ಯಾವುದೆಂದು ಸ್ಪಷ್ಟವಾಗಿ ಬರೆಯಿರಿ. ಬಣ್ಣದಲ್ಲಿ ಬರೆದದ್ದು ಬೇಡ, ಕಲ್ಲಿನಲ್ಲಿ ಕೊರೆದದ್ದೇ ಆಗಬೇಕು. ವಾರ್ಷಿಕೋತ್ಸವದ ಮುನ್ನಾದಿನ ಸುಣ್ಣ ಬಳಿಯುವವರು ಕಲ್ಲಿನ ಅಂಕಿಗಳನ್ನೂ ಬಿಡುವುದಿಲ್ಲ: ಗೀರಿನಲ್ಲಿ ಸುಣ್ಣ ಕಟ್ಟಿದರೆ ೬ ಯಾವುದು, ೯ ಯಾವುದು ಎಂದು ತಿಳಿಯದು.

ಇಲ್ಲಿ ಲೆಕ್ಕ ಬೇಕು. ಅಕ್ಷಾಂಶದ ಮಿನಿಟಿನಲ್ಲಿ (12° 33.840' ಎಂಬಲ್ಲಿ 33.840) ಬಿಂದುವಿನ ನಂತರದ ಮೊದಲ ಸ್ಥಾನಕ್ಕೆ ಅಂಥ ಅಂಕಿ ಹಾಕಿದರೆ, 6ರ ಬದಲು 9 ಓದಿದವರು ಅರ್ಧ ಕಿಲೋಮೀಟರಿಗಿಂತಲೂ ಆಚೆ ಯಾರದೋ ಕಂಗಿನ ತೋಟದಲ್ಲಿರುತ್ತಾರೆ. ಮೂರನೇ ಸ್ಥಾನಕ್ಕೆ ಹಾಕಿದರೆ ತಪ್ಪು ಐದಾರು ಮೀಟರು ಅಷ್ಟೆ. ಸಂಶಯದ ಅಂಕಿ ಯಾವಾಗಲೂ ಕೊನೆಗೆ. ಜೊತೆಗೆ ತಾಳೆ ನೋಡಲು ಇಸವಿಯ ಅಂಕಿಗಳ ಮೊತ್ತವನ್ನೂ ತಿಳಿಸಿ: 1956 ಆದರೆ 21.

ಮೊದಲ ಸ್ಥಾನಕ್ಕೆ ಏನು? ನನ್ನ ಮಟ್ಟಿಗೆ ವಿಳಾಸದ ಸಾಲಿಗಿಂತ ಒಳ್ಳೆಯದಿಲ್ಲ. ಫಲಕದಲ್ಲಿ ‘ದಕ್ಷಿಣ ಕನ್ನಡ ಜಿಲ್ಲೆ’ ಎಂದಿದ್ದರೆ ಅದು 1956ರ ನವೆಂಬರ್ 1ಕ್ಕಿಂತ, ಅಂದರೆ ನಾವು ಕೇರಳಕ್ಕೆ ಸೇರುವುದಕ್ಕಿಂತ ಹಿಂದಿನದು. ‘ಕಣ್ಣೂರು ಜಿಲ್ಲೆ’ ಎಂದಿದ್ದರೆ 1957ರ ಜನವರಿ 1ರಿಂದ ಈಚಿನದು. ‘ಕಾಸರಗೋಡು ಜಿಲ್ಲೆ’ ಎಂದರೆ 1984ರ ಮೇ 24ರಿಂದ ಈಚಿನದು. ಕೆಲವು ಕಡೆ ಹಠದಿಂದ ಹಳೆಯ ಜಿಲ್ಲೆಯನ್ನೇ ಕೆತ್ತಿಸಿರಬಹುದು, ಆದ್ದರಿಂದ ಊರಿನ ಹಿರಿಯರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಮೂರಕ್ಕೆ 1, 2, 3 ಎಂದು ಅಂಕಿ ಕೊಟ್ಟು ರೇಖಾಂಶದ ಮೊದಲ ಸ್ಥಾನಕ್ಕೆ ಹಾಕಿ. ವಿಳಾಸ ಓದದೆ ಊಹಿಸಿದವರು ಕಡಿಮೆಯೆಂದರೂ 180 ಮೀಟರು ತಪ್ಪಿ ಅಲೆಯಲಿ.

3. ಸ್ಥಾನ ಬರೆಯುವುದು. ಆಟದಲ್ಲಿ ಡಿಗ್ರಿ ಮತ್ತು ದಶಮಾಂಶ ಮಿನಿಟು ಬಳಕೆಯಲ್ಲಿದೆ. ಮೊಬೈಲ್ ನಕ್ಷೆ ಸಾಮಾನ್ಯವಾಗಿ ದಶಮಾಂಶ ಡಿಗ್ರಿ ತೋರಿಸುತ್ತದೆ. 12.5640 ಡಿಗ್ರಿ ಎಂದರೆ 12° 33.840'. ಅದನ್ನೇ 12° 56.40' ಎಂದು ಬರೆದಿರೋ, ನಿಮ್ಮ ಡಬ್ಬಿ ನಲವತ್ತು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ, ಬಂಟ್ವಾಳದ ಆಚೆ ಹೋಯಿತು. ಇನ್ನೊಂದು ಸಂಗತಿ: ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವಾಗ 75ನೇ ರೇಖಾಂಶ ದಾಟುತ್ತೀರಿ. ಕುಂಬಳೆಯಲ್ಲಿ 74 ಡಿಗ್ರಿ, ಬದಿಯಡ್ಕದಲ್ಲಿ 75. ಹಳೆಯ ಡಬ್ಬಿಯ ಡಿಗ್ರಿಯನ್ನು ನೋಡಿ ನಕಲು ಮಾಡಬೇಡಿ.

4. ಡಬ್ಬಿ. ನಾಲ್ಕು ಕಡೆ ಚಿಲಕವಿರುವ ಗಟ್ಟಿ ಪ್ಲಾಸ್ಟಿಕ್ ಊಟದ ಡಬ್ಬಿಯೇ ಸರಿ. ‘ವಾಟರ್‌ಪ್ರೂಫ್’ ಚೀಟಿ ಅಂಟಿಸಿದ ಅಗ್ಗದ ಸ್ಕ್ರೂ ಮುಚ್ಚಳದವು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನಿಲ್ಲುವುದಿಲ್ಲ. ಕೊಳ್ಳುವ ಮೊದಲು ಒಣ ಕಾಗದ ಹಾಕಿ ಬಕೆಟ್ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಲು ಅಂಗಡಿಯವರು ಬಿಡುವುದಿಲ್ಲವಾದ್ದರಿಂದ, ಒಂದನ್ನೇ ಕೊಂಡು ಮನೆಯಲ್ಲಿ ಪರೀಕ್ಷಿಸಿ. ಒಳಗೆ ಹುಡುಕಿದವರು ಹೆಸರು ಬರೆಯಲು ಪುಸ್ತಕ, ಪೆನ್ಸಿಲ್. ಪೆನ್ನು ಬೇಡ, ತಿಂಡಿಯಂತೂ ಬೇಡವೇ ಬೇಡ.

5. ಅಡಗಿಸುವುದು. ನೆಲ ಅಗೆಯಬಾರದು, ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರು ದೂರವಿರಬೇಕು. ನಾಗಬನ, ದೈವಸ್ಥಾನ, ಶಾಲೆ, ರೈಲು ಹಳಿಗಳ ಹತ್ತಿರ ಬೇಡ. ಮುರಕಲ್ಲಿನ ಗೋಡೆಯ ಸಂದು ಚೆನ್ನಾಗಿ ಕಾಣುತ್ತದೆ ನಿಜ, ಹಾವಿಗೂ ಹಾಗೆಯೇ ಕಾಣುತ್ತದೆ. ಕೈ ಹಾಕದೆ ಕಣ್ಣಿಗೆ ಬೀಳುವ ಕಡೆ ಇಡಿ.

6. ಆಟದ ಜಾಲತಾಣದಲ್ಲಿ (geocaching.com) ಮಾಹಿತಿ ತುಂಬಿ ಕಳುಹಿಸಿ. ಸ್ವಯಂಸೇವಕ ಪರಿಶೀಲಕರು ಒಪ್ಪಿದ ಮೇಲೆ ಪ್ರಕಟವಾಗುತ್ತದೆ. ಪತ್ತನಾಜೆಗೆ (ಮೇ ಕೊನೆಯ ವಾರದ ತುಳುವರ ಆಚರಣೆ) ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಹೋಗಿ ಪುಸ್ತಕ ಬದಲಿಸಿ. ಹಾಗೆಯೇ ಫಲಕದ ಮುಂದೆ ಯಾರಾದರೂ ಫ್ಲೆಕ್ಸ್ ಕಟ್ಟಿದ್ದಾರೆಯೇ ಎಂದೂ ನೋಡಿ ಬನ್ನಿ.