ಕೊಲ್ಲಿಯ ಮೇಲಿನ ಹಳೇ ತೂಗುಸೇತುವೆ ಬದಲಿಸುವ ಕ್ರಮ

ಕೊಡಗಿನಲ್ಲಿ ರೈಲಿಲ್ಲ, ರೈಲ್ವೆ ಸೇತುವೆಯೂ ಇಲ್ಲ. ಆದರೂ ರಾಮೇಶ್ವರದ ಬಳಿಯ ಪಾಂಬನ್‌ನಲ್ಲಿ 1914ರ ರೈಲು ಸೇತುವೆಯ ಪಕ್ಕದಲ್ಲೇ ಹೊಸದನ್ನು ಕಟ್ಟಿದ ಉಪಾಯ ನಮ್ಮ ತೋಟದ ಕೊಲ್ಲಿಗೂ (ಹಳ್ಳಕ್ಕೂ) ಆಗುತ್ತದೆ. ಹಳೆಯದನ್ನು ಮೊದಲೇ ಬಿಚ್ಚಿದರೆ ಲೈನ್‌ಮನೆಯ ಕಾರ್ಮಿಕರಿಗೆ ದಾರಿಯಿಲ್ಲ, ಆಚೆ ದಡಕ್ಕೆ ಸಿಮೆಂಟ್ ಸಾಗಿಸುವುದೂ ಕಷ್ಟ.

ಹಳೇ ಕೇಬಲ್‌ ಕಾಂಕ್ರೀಟಿನೊಳಗೆ ಹೋಗುವ ಜಾಗದ ಮಣ್ಣು, ತರಗೆಲೆ ಕೆರೆದು ನೋಡಿ. ಎಳೆ ಬಿಡಿಸಿದಾಗ ಕೆಂಪು ಪುಡಿ ಉದುರಿದರೆ, ಅಥವಾ 26 ಮಿ.ಮೀ. ಕೇಬಲ್ 23.4ಕ್ಕೆ ಇಳಿದಿದ್ದರೆ, ಹಲಗೆ ಬದಲಿಸಿ ಪ್ರಯೋಜನವಿಲ್ಲ.

ಎತ್ತರಕ್ಕೆ 2018ರ ಆಗಸ್ಟಿನ ಪ್ರವಾಹದ ನೀರಿನ ಗುರುತು ಹುಡುಕಿ. ತೇಲಿ ಬರುವ ಮರ ತಟ್ಟದಷ್ಟು ಮೇಲಿರಲಿ.

ಜೋಲಿನ, ಅಂದರೆ ಕೇಬಲ್ ನಡುವೆ ಕೆಳಗೆ ಬಾಗುವ ಆಳದ, ವಿಷಯದಲ್ಲಿ ಜಿಪುಣತನ ಬೇಡ. 40 ಮೀಟರ್ ಹರವು (ಎರಡು ದಡದ ಆಧಾರಗಳ ನಡುವಿನ ದೂರ), ಜನರದ್ದೂ ಸೇತುವೆಯದ್ದೂ ಸೇರಿ ಮೀಟರಿಗೆ 460 ಕೆ.ಜಿ. ಭಾರ, 4 ಮೀಟರ್ ಜೋಲು ಎಂದಿಟ್ಟುಕೊಳ್ಳಿ. ಭಾರವನ್ನು ಹರವಿನ ವರ್ಗದಿಂದ ಗುಣಿಸಿ, ಜೋಲಿನ ಎಂಟು ಪಟ್ಟಿನಿಂದ ಭಾಗಿಸಿದರೆ 23 ಟನ್ ಅಡ್ಡ ಎಳೆತ. ನೋಟ ಚೆನ್ನಾಗಿರಲಿ ಎಂದು ಜೋಲನ್ನು 2 ಮೀಟರಿಗೆ ಇಳಿಸಿದರೆ ಅದೇ 46 ಟನ್! ಲೆಕ್ಕಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಬೇಕೇ ಬೇಕು.

ಸೇತುವೆ ಕೆಡುವುದು ಹೆಚ್ಚಾಗಿ ದಡದಲ್ಲಿ. ಮಳೆಗೆ ನೆನೆದ ಕೆಂಪು ಮಣ್ಣು ಹಿಡಿತ ಬಿಡುತ್ತದೆ, ಕೇಬಲ್ ಹಿಡಿದಿಡುವ ಕಾಂಕ್ರೀಟ್ ದಿಮ್ಮಿ (ಆಂಕರ್) ಬೆರಳಷ್ಟು ಮುಂದೆ ಜಾರುತ್ತದೆ, ನಡುವೆ ಸೇತುವೆ ಕುಸಿಯುತ್ತದೆ. ಗಟ್ಟಿ ಬಂಡೆ ಸಿಗುವತನಕ ಅಗೆಯಿರಿ. ಆಂಕರಿನ ಹಿಂದೆ ಮಳೆನೀರು ನಿಲ್ಲದಂತೆ ಚರಂಡಿ ತೆಗೆಯಿರಿ. ಕಾಂಕ್ರೀಟ್ ಜನವರಿಯಲ್ಲೇ ಮುಗಿಯಲಿ. ಕಾಫಿ ಕೊಯ್ಲಿನ ನೆಪದಲ್ಲಿ ಮುಂದೂಡಿದರೆ, ಕಾಂಕ್ರೀಟ್ ಗಟ್ಟಿಯಾಗಲು 28 ದಿನ ಕಾಯುವಷ್ಟರಲ್ಲಿ ಮಳೆ ಹತ್ತಿರ ಬಂದಿರುತ್ತದೆ.

ಕೇಬಲ್ ಕೊನೆಗೆ ಆರು ಕ್ಲಿಪ್, ನಡುವೆ 16 ಸೆಂ.ಮೀ. ಅಂತರ. ಕ್ಲಿಪ್‌ನ ಯು-ಬೋಲ್ಟ್ ಮಡಚಿ ತಂದ ಗಿಡ್ಡ ತುದಿಯ ಮೇಲೆ, ತಡಿ (ಕ್ಲಿಪ್ಪಿನ ಅಗಲ ತಳಭಾಗ) ಭಾರ ಹೊರುವ ಕೇಬಲ್ ಮೇಲೆ ಕೂರಬೇಕು. ತಿರುವಿ ಹಾಕಿದರೆ ಭಾರ ಹೊರುವ ಕೇಬಲ್ಲೇ ನಜ್ಜುಗುಜ್ಜಾಗುತ್ತದೆ. ಭಾರ ಬಿದ್ದಾಗ ಕೇಬಲ್ ತುಸು ಸಣ್ಣಗಾಗುವುದರಿಂದ ನಟ್ಟುಗಳನ್ನು ಮತ್ತೆ ಬಿಗಿಯಿರಿ.

ತೋಟದಲ್ಲೇ ಇದೆಯೆಂದು ಸಿಲ್ವರ್ ಓಕ್ ಹಲಗೆ ಹಾಕಬೇಡಿ, ನಮ್ಮ ಮಳೆಗೆ ಬೇಗ ಕೊಳೆಯುತ್ತದೆ. ಗ್ಯಾಲ್ವನೈಜ್ ಮಾಡಿದ ಕಬ್ಬಿಣದ ಜಾಲರಿ ವಾಸಿ, ಪಾಚಿ ಕಟ್ಟಿದರೂ ಕಾಲಿಗೆ ಹಿಡಿತ ಸಿಗುತ್ತದೆ.

ಮರಳುಚೀಲ ಹೇರಿ ಜೋಲು ಅಳೆದು, ಹೊಸದರಲ್ಲಿ ಓಡಾಟ ಶುರುವಾದ ಮೇಲೆ ಹಳೆಯದನ್ನು ಇಳಿಸಿ. ಮೊದಲು ಹಲಗೆ ತೆಗೆಯಿರಿ, ಆಮೇಲೆ ವಿಂಚಿನಿಂದ ಕೇಬಲನ್ನು ನಿಧಾನವಾಗಿ ಸಡಿಲಿಸಿ. ಬಿಗಿ ಇರುವಾಗ ಗ್ಯಾಸ್ ಕಟರ್ ತಾಗಿಸಿದರೆ ತುದಿ ಚಾಟಿಯಂತೆ ಬೀಸಿ ಕಾಲು ಮುರಿಯುತ್ತದೆ.